ಕರೆಂಟು ಹುಟ್ಟಿದ ಸೀಮೆಯಲ್ಲಿ ಇನ್ನೂ ಹುಟ್ಟು ಹಾಕುವ ಕೈ

ಹೋದ ಬೇಸಿಗೆಯ ಒಂದು ಭಾನುವಾರ. ಹಲಗೂರು ಸರ್ಕಲ್ಲಿನ ಟೀ ಅಂಗಡಿ ಮುಂದೆ ಬೆಂಗಳೂರಿನ ಕಾರೊಂದು ಬಂದು ನಿಂತಿತು. ಮುತ್ತತ್ತಿಗೆ ಹೊರಟವರು. ಕಾರಿನ ತಲೆ ಮೇಲೆ ಹಳದಿ ಪ್ಲಾಸ್ಟಿಕ್ ದೋಣಿ ಕಟ್ಟಿದ್ದರು, ಸೌತೆಕಾಯಿ ಹಾಗೆ ಉದ್ದಕ್ಕಿತ್ತು. ಕಯಾಕ್ ಅಂತಾರೆ ಅದಕ್ಕೆ. ನೀರಿನ ಬಾಟಲಿ ತೆಗೆಯಲು ಡಿಕ್ಕಿ ಎತ್ತಿದಾಗ ಒಳಗೆ ಇನ್ನೊಂದು ಸಾಮಾನು ಕಂಡಿತು. ಉದ್ದನೆ ಕೊಳವೆ, ತುದಿಗೆ ಅಂಗೈ ಅಗಲದ ಫ್ಯಾನು, ಮೇಲೆ ಹಿಡಿಕೆ. ಪಕ್ಕದಲ್ಲಿ ಟಿಫಿನ್ ಕ್ಯಾರಿಯರ್ ಗಾತ್ರದ ಒಂದು ಬ್ಯಾಟರಿ.

ಅಂಗಡಿ ಮುಂದಿದ್ದವರಿಗೆಲ್ಲ ತಮಾಷೆ. ದೋಣಿಗೆ ಫ್ಯಾನು ಹಾಕ್ಕೊಂಡು ಹೋಗ್ತಾವ್ರೆ ನೋಡ್ರಲಾ ಅಂತ ಒಬ್ಬ ಅಂದ. ನಗದೆ ನಿಂತಿದ್ದವರು ಒಬ್ಬರೇ. ಇಗ್ಗಲೂರು ಬ್ಯಾರೇಜಿನ ಹಿನ್ನೀರಿನಲ್ಲಿ ಮೀನು ಹಿಡಿಯುವ, ನಾನು ಮಾವ ಅಂತ ಕರೆಯುವ ಒಬ್ಬರು. ಮೀನು ಮಾರಿ ಬುಟ್ಟಿ ಖಾಲಿ ಮಾಡಿಕೊಂಡು ಟೀಗೆ ನಿಂತಿದ್ದರು. ಕಯಾಕಿನ ಕಡೆ ಅವರು ತಲೆ ಎತ್ತಿಯೂ ನೋಡಲಿಲ್ಲ. ನೇರ ಡಿಕ್ಕಿ ಹತ್ತಿರ ಹೋಗಿ ಬಗ್ಗಿ ನೋಡಿ ಮೂರು ಪ್ರಶ್ನೆ ಕೇಳಿದರು.

"ಎಷ್ಟೊತ್ತು ಓಡ್ತದೆ ಮಗ?"

"ನಿಧಾನಕ್ಕೆ ಹೋದ್ರೆ ಮೂರು ಗಂಟೆ ಮೇಲೆ ಅಂಕಲ್."

"ಸದ್ದು ಬತ್ತದಾ?"

"ಏನೂ ಇಲ್ಲ."

"ಎಷ್ಟ್ ಕೊಟ್ರಿ?"

"ಮೋಟಾರು, ಬ್ಯಾಟರಿ ಸೇರಿ ಎಪ್ಪತ್ತು ಸಾವಿರ ಆಯ್ತು."

ಮಾವ ಟೀ ಲೋಟ ಕೆಳಗಿಟ್ಟು ಬಲಗೈಯಿಂದ ಎಡ ಭುಜ ಒತ್ತಿಕೊಂಡರು. ಕಾರು ಹೋಯಿತು. "ಅದೆಲ್ಲ ದುಡ್ಡಿರೋರ ಆಟ ಬುಡು ಮಾವ" ಅಂತ ಒಬ್ಬರು ಮಾತು ಮುಗಿಸಿದರು.

ನನ್ನ ತಕರಾರು ಆ ಕೊನೆಯ ಮಾತಿಗೆ. ದುಡ್ಡಿರೋರ ಆಟ ಅಂತ ನಾವೇ ಬಿಟ್ಟುಕೊಟ್ಟರೆ ಅದು ಅವರ ಆಟವಾಗಿಯೇ ಉಳಿಯುತ್ತದೆ. ವಾರಕ್ಕೊಂದು ದಿನ ಮೋಜಿಗೆ ನೀರಿಗೆ ಇಳಿಯುವವರಿಗೆ ಈ ಮೋಟಾರು ಬೇಕಾಗಿಯೇ ಇಲ್ಲ, ಅವರು ಕೈಕಾಲು ಆಡಿಸಲಿ ಎಂದೇ ಬಂದವರು. ಬೇಕಾಗಿರುವುದು ದಿನಾ ಬೆಳಗಿನ ಜಾವ ಮೂರಕ್ಕೆ ಎದ್ದು ತೆಪ್ಪ ತಳ್ಳುವವರಿಗೆ. ಸರ್ಕಾರ ದೋಣಿ ಮೋಟಾರಿಗೆ ಒಂದು ರೂಪಾಯಿ ಕೊಡುವುದಾದರೂ ಅದು ನಿಂತ ನೀರಿನಲ್ಲಿ ಮೀನು ಹಿಡಿಯುವವರ ತೆಪ್ಪಕ್ಕೆ ಮೊದಲು ಬರಬೇಕು. ಬ್ಯಾಟರಿ ಮೋಟಾರಿಗೇ ಬರಬೇಕು, ಪೆಟ್ರೋಲಿಗಲ್ಲ. ಇನ್ನು ಮುತ್ತತ್ತಿಯ ಹರಿಯುವ ಹೊಳೆಗೆ ಯಾವ ಮೋಟಾರೂ ಇಳಿಯಬಾರದು, ಬ್ಯಾಟರಿಯದಾದರೂ ಸರಿ.

ಬ್ಯಾಟರಿ ದೋಣಿ ಅಂದರೆ ಯಾವುದೋ ಹೊಸ ಫಾರಿನ್ ಶೋಕಿ ಅಂದುಕೊಂಡವರಿಗೆ ಒಂದು ಹಳೇ ಸಮಾಚಾರ. ದೋಣಿಯ ಹಿಂದೆ ನೇತುಹಾಕಿ, ಬೇಕೆಂದಾಗ ಬಿಚ್ಚಿ ಮನೆಗೆ ಒಯ್ಯುವ ಮೋಟಾರು ಜಗತ್ತಿನಲ್ಲಿ ಮೊದಲು ಬಂದಿದ್ದೇ ಕರೆಂಟಿನದು. ಗುಸ್ತಾವ್ ತ್ರೂವೆ ಎಂಬಾತ 1881ರಲ್ಲಿ ಪ್ಯಾರಿಸ್ಸಿನ ಸೆನ್ ನದಿಯಲ್ಲಿ ಓಡಿಸಿ ತೋರಿಸಿದ. ಅಮೆರಿಕದ ಓಲೆ ಎವಿನ್‌ರೂಡ್ ಪೆಟ್ರೋಲಿನದನ್ನು ಮಾರಾಟಕ್ಕೆ ತಂದಿದ್ದು 1909ರ ಹೊತ್ತಿಗೆ. ನಡುವೆ ಪೆಟ್ರೋಲು ಅಗ್ಗವಾಯಿತು, ಬ್ಯಾಟರಿ ಭಾರವಾಗಿಯೇ ಉಳಿಯಿತು, ಕರೆಂಟಿನ ಮೋಟಾರು ಮೂಲೆ ಸೇರಿತು. ಈಗ ಬ್ಯಾಟರಿ ಹಗುರವಾಗಿದೆ, ಪೆಟ್ರೋಲು ಲೀಟರಿಗೆ ನೂರು ದಾಟಿದೆ. ಲೆಕ್ಕ ತಿರುಗಿದೆ.

ಕರೆಂಟಿನ ಮಾತು ಬಂದರೆ ನಮ್ಮ ಮಳವಳ್ಳಿ ಸೀಮೆಯವರು ಯಾರಿಗೂ ತಲೆ ತಗ್ಗಿಸಬೇಕಿಲ್ಲ. ಶಿವನಸಮುದ್ರದಲ್ಲಿ ಕಾವೇರಿಯ ನೀರು ಬೀಳಿಸಿ ತೆಗೆದ ಕರೆಂಟು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ನೂರಾ ನಲವತ್ತು ಕಿಲೋಮೀಟರಿಗೂ ಹೆಚ್ಚು ದೂರ ತಂತಿ ಎಳೆದು ಒಯ್ದರು. 1905ರಲ್ಲಿ ಬೆಂಗಳೂರಿನ ಬೀದಿದೀಪ ಹತ್ತಿತು. 1940ರಲ್ಲಿ ಶಿಂಷಾಪುರದ ವಿದ್ಯುದಾಗಾರ ಶುರುವಾಯಿತು. ಆಮೇಲೆ ತೊರೆಕಾಡನಹಳ್ಳಿ. ಅಲ್ಲಿಂದ 1974ರಿಂದ ಬೆಂಗಳೂರಿಗೆ ಕುಡಿಯುವ ನೀರು ಹೋಗುತ್ತಿದೆ. 2024ರ ಅಕ್ಟೋಬರಿನಲ್ಲಿ ಐದನೇ ಹಂತವೂ ಶುರುವಾಯಿತು, ಅದೊಂದರಿಂದಲೇ ದಿನಕ್ಕೆ 77 ಕೋಟಿ 50 ಲಕ್ಷ ಲೀಟರು. ಸುಮಾರು ನೂರು ಕಿಲೋಮೀಟರು ದೂರಕ್ಕೆ, ಮೂರು ಕಡೆ ಎತ್ತಿ ಎತ್ತಿ, ದೈತ್ಯ ಗಾತ್ರದ ಕರೆಂಟು ಮೋಟಾರುಗಳು ಹಗಲೂ ರಾತ್ರಿ ನೀರು ತಳ್ಳುತ್ತವೆ.

ನೀರನ್ನು ಬೆಂಗಳೂರಿಗೆ ತಳ್ಳಲು ಮೋಟಾರಿದೆ. ಅದೇ ಸೀಮೆಯಲ್ಲಿ ತೆಪ್ಪ ತಳ್ಳಲು ಮಾವನ ಭುಜವೇ ಗತಿ.

ಆ ಭುಜದ ಕೆಲಸ ಎಷ್ಟು ಅಂತ ಒಮ್ಮೆ ಲೆಕ್ಕ ಹಾಕೋಣ. ಹಲಗೂರಿನಿಂದ ಚನ್ನಪಟ್ಟಣದ ಕಡೆ ಹೋಗುವಾಗ ಇಗ್ಗಲೂರು ಬ್ಯಾರೇಜು ನೋಡಿರುತ್ತೀರಿ. ಚನ್ನಪಟ್ಟಣದ ಕಡೆಯ ಕೆರೆಗಳಿಗೆ ನೀರು ಎತ್ತುವುದೂ ಅಲ್ಲಿಂದಲೇ. ಅಲ್ಲಿ ಶಿಂಷೆ ಹೊಳೆಯಾಗಿ ಹರಿಯುವುದಿಲ್ಲ, ಕೆರೆಯಂತೆ ನಿಂತಿರುತ್ತದೆ. ಮಾವ ಸಂಜೆ ಹೋಗಿ ಬಲೆ ಬಿಟ್ಟು ಬರಬೇಕು, ಬೆಳಗಿನ ಜಾವ ಹೋಗಿ ಎತ್ತಿಕೊಂಡು ಬರಬೇಕು. ಬಲೆ ಬಿಡುವ ಜಾಗ ದಡದಿಂದ ಎರಡು ಕಿಲೋಮೀಟರು ಅಂದರೆ ಹೋಗಿ ಬರುವುದು ಎರಡು ಸಲ, ದಿನಕ್ಕೆ ಎಂಟು ಕಿಲೋಮೀಟರು. ದುಂಡು ತೆಪ್ಪ ಗಂಟೆಗೆ ಎರಡೂವರೆ ಮೂರು ಕಿಲೋಮೀಟರು ನಡೆದರೆ ಹೆಚ್ಚು. ಅಂದರೆ ಬಲೆ ಮುಟ್ಟುವ ಕೆಲಸ ಬಿಟ್ಟು, ಬರೀ ಹುಟ್ಟು ಹಾಕುವುದೇ ದಿನಕ್ಕೆ ಮೂರು ಗಂಟೆ.

ಒಬ್ಬ ಗಟ್ಟಿಮುಟ್ಟಾದ ಮನುಷ್ಯ ಗಂಟೆಗಟ್ಟಲೆ ಎಡಬಿಡದೆ ಕೆಲಸ ಮಾಡಿದರೆ ಅವನ ಮೈಯಿಂದ ಬರುವ ಶಕ್ತಿ ಎಪ್ಪತ್ತೈದರಿಂದ ನೂರು ವ್ಯಾಟ್. ಮನೆಯ ಸೀಲಿಂಗ್ ಫ್ಯಾನು ಎಳೆಯುವಷ್ಟು. ಐವತ್ತು ದಾಟಿದ ಮೈಗೆ ಅಷ್ಟೂ ಕಷ್ಟ. ಆ ಕಾರಿನ ಡಿಕ್ಕಿಯಲ್ಲಿದ್ದಂಥ ಸಣ್ಣ ಮೋಟಾರು ಅರ್ಧ ಜೋರಿನಲ್ಲಿ ಇನ್ನೂರೈವತ್ತು ಮುನ್ನೂರು ವ್ಯಾಟ್ ಕೊಡುತ್ತದೆ. ಮೂರು ಆಳು ಕೂತು ಹುಟ್ಟು ಹಾಕಿದ ಹಾಗೆ. ಗಂಟೆಗೆ ನಾಲ್ಕು ಕಿಲೋಮೀಟರಿನಂತೆ ಎಂಟು ಕಿಲೋಮೀಟರಿಗೆ ಎರಡು ಗಂಟೆ ಹಿಡಿದರೆ ಖರ್ಚಾಗುವ ಕರೆಂಟು ಸುಮಾರು ಮುಕ್ಕಾಲು ಯೂನಿಟ್ಟು. ದುಂಡು ತೆಪ್ಪ ಕಯಾಕಿನಂತೆ ನೀರು ಸೀಳುವುದಿಲ್ಲ, ಚಾರ್ಜ್ ಮಾಡುವಾಗ ಪೋಲಾಗುವುದೂ ಇರುತ್ತದೆ, ಒಂದು ಯೂನಿಟ್ಟು ಅಂತಲೇ ಇಟ್ಟುಕೊಳ್ಳಿ. ದಿನಕ್ಕೆ ಒಂದು ಟೀ ಕಾಸಿನಲ್ಲಿ ಮುಗಿಯಿತು. ಅದೇ ಸಣ್ಣ ಪೆಟ್ರೋಲ್ ಎಂಜಿನ್ನು ಹಾಕಿದರೆ ಎರಡು ಗಂಟೆಗೆ ಒಂದೂವರೆ ಎರಡು ಲೀಟರು, ಆಯಿಲು ಬೇರೆ. ನೂರೈವತ್ತು ಇನ್ನೂರು ರೂಪಾಯಿ. ಜಿಲೇಬಿ ಮೀನು ಹಿಡಿದು ಮಾರುವವನು ದಿನಾ ಇನ್ನೂರು ರೂಪಾಯಿ ನೀರಿಗೆ ಸುರಿದರೆ ಮನೆಗೆ ಏನು ಒಯ್ಯುತ್ತಾನೆ?

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಒಪ್ಪಬೇಕು. ಮಾವ ಈಗ ಪೆಟ್ರೋಲೂ ಹಾಕುತ್ತಿಲ್ಲ. ಹಾಗಾಗಿ ಬ್ಯಾಟರಿ ಮೋಟಾರಿನಿಂದ ಅವರಿಗೆ ಇಂತಿಷ್ಟು ಉಳಿತಾಯ ಅಂತ ಪಟ್ಟಿ ತೋರಿಸುವವರು ಸುಳ್ಳು ಹೇಳುತ್ತಾರೆ. ಉಳಿಯುವುದು ಭುಜ, ಮತ್ತೆ ದಿನಕ್ಕೊಂದು ಗಂಟೆ. ಆಮೇಲೆ ಇನ್ನೂ ಸ್ವಲ್ಪ ದೂರ ಹೋಗಿ ಬಲೆ ಬಿಡುವ ಧೈರ್ಯ. ಅರವತ್ತಕ್ಕೆ ಭುಜ ಬಿದ್ದುಹೋದ ಮೇಲೆ ಆಸ್ಪತ್ರೆ ಅಂತ ಓಡಾಡಿದ ಖರ್ಚನ್ನು ಯಾವ ಯೋಜನೆಯವರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ, ಅದು ಬೇರೆ ಮಾತು.

ಈಗ ಸರ್ಕಾರದ ಬುದ್ಧಿ ನೋಡಿ. ಕರಾವಳಿಯ ನಾಡದೋಣಿಗಳಿಗೆ ವರ್ಷಗಳಿಂದ ರಿಯಾಯಿತಿ ದರದ ಸೀಮೆಎಣ್ಣೆ ಕೊಡುತ್ತಾ ಬಂದರು. ಸೀಮೆಎಣ್ಣೆ ಸಿಗುವುದೇ ಕಷ್ಟವಾಯಿತು. ಆಗ 2023ರ ಜುಲೈ ಬಜೆಟ್‌ನಲ್ಲಿ ಏನು ಹೇಳಿದರು? ಸೀಮೆಎಣ್ಣೆ ಎಂಜಿನ್ ಬಿಟ್ಟು ಪೆಟ್ರೋಲ್, ಡೀಸೆಲ್ ಎಂಜಿನ್ನಿಗೆ ಹೋಗುವವರಿಗೆ ತಲಾ 50,000 ರೂಪಾಯಿ ಸಹಾಯಧನ. ಕರಾವಳಿಯವರ ಅನ್ನಕ್ಕೆ ನಾನು ಕಲ್ಲು ಹಾಕುತ್ತಿಲ್ಲ. ಸಮುದ್ರದ ಅಲೆಗೆ, ಅಲ್ಲಿನ ದೂರಕ್ಕೆ ಈ ಸಣ್ಣ ಬ್ಯಾಟರಿ ಸಾಲುವುದಿಲ್ಲ, ಅವರಿಗೆ ಎಂಜಿನ್ನು ಬೇಕು, ಕೊಡಲಿ. ಆದರೆ ಅಲೆಯೇ ಇಲ್ಲದ ಕೆರೆ, ಬ್ಯಾರೇಜು, ಹಿನ್ನೀರಿನವರಿಗೆ ಏನು? ಬಲೆ, ಫೈಬರ್ ಹರಿಗೋಲು ಸಹಾಯಧನದಲ್ಲಿ ಸಿಗುತ್ತದೆ. ಸಂತೋಷ. ಹರಿಗೋಲು ಪ್ಲಾಸ್ಟಿಕ್ಕಿನದಾಯಿತು, ಭುಜ ಮಾಂಸದ್ದೇ. ಆ ಐವತ್ತು ಸಾವಿರ ಇಲ್ಲಿಗೆ ಬಂದಿದ್ದರೆ ಒಂದು ಸಣ್ಣ ಮೋಟಾರು, ಒಂದು ಬ್ಯಾಟರಿಯ ಬಹುಪಾಲು ಬಂದುಬಿಡುತ್ತಿತ್ತು.

ಪೆಟ್ರೋಲ್ ಎಂಜಿನ್ನು ನಮ್ಮ ನೀರಿಗೆ ಯಾಕೆ ಬೇಡ ಅಂದರೆ, ಬರೀ ಖರ್ಚಿನ ಮಾತಲ್ಲ. ಹಳೇ ಕಾಲದ ಟೂ-ಸ್ಟ್ರೋಕ್ ದೋಣಿ ಎಂಜಿನ್ನಿನಲ್ಲಿ ಹಾಕಿದ ಪೆಟ್ರೋಲಿನಲ್ಲಿ ಹೆಚ್ಚು ಕಡಿಮೆ ಕಾಲು ಭಾಗ ಉರಿಯದೆ ಆಯಿಲ್ ಸಮೇತ ಹೊಗೆ ಜೊತೆ ನೀರಿಗೇ ಹೋಗುತ್ತದೆ. ಹೊಗೆ ಕೊಳವೆ ಇರುವುದೇ ನೀರೊಳಗೆ. ನೀರಿನ ಮೇಲೆ ಬಣ್ಣ ಬಣ್ಣದ ಪೊರೆ ಕಟ್ಟುವುದು ನೋಡಿರುತ್ತೀರಲ್ಲ, ಅದು. ಬೈಕಿನಲ್ಲಿ ಟೂ-ಸ್ಟ್ರೋಕ್ ಕಾಲ ಮುಗಿಯಿತು. ಸೆಕೆಂಡ್ ಹ್ಯಾಂಡ್ ದೋಣಿ ಎಂಜಿನ್ ಅಂತ ಸಿಗುವುದು ಇವತ್ತಿಗೂ ಬಹುಪಾಲು ಅದೇ. ಕೆರೆಯ ನೀರು ದನ ಕುಡಿಯುತ್ತದೆ, ಊರು ಕುಡಿಯುತ್ತದೆ, ಗದ್ದೆಗೆ ಹೋಗುತ್ತದೆ. ಸದ್ದಿನ ಮಾತೂ ಇದೆ. ಮಾವ ಸದ್ದು ಬತ್ತದಾ ಅಂತ ಕೇಳಿದ್ದು ಸುಮ್ಮನೆ ಅಲ್ಲ. ಬಲೆಯ ಹತ್ತಿರ ಎಂಜಿನ್ನು ಗುಡುಗಿದರೆ ಮೀನು ನಿಲ್ಲುತ್ತದಾ?

ಇನ್ನು ಬ್ಯಾಟರಿ ಬೇಡ ಅನ್ನುವವರ ಮಾತು. ಇವರಲ್ಲಿ ಎರಡು ಥರ. ಕುರ್ಚಿ ಮೇಲೆ ಕೂತು ಆಗೋದಿಲ್ಲ ಅನ್ನುವವರು ಒಂದು ಥರ, ಅವರನ್ನು ಬಿಡಿ. ನೀರಿನ ಮೇಲೆ ಬದುಕು ಮಾಡುವವರು ಕೇಳುವ ಪ್ರಶ್ನೆಗೆ ಬೆಲೆ ಇದೆ.

ಮಧ್ಯ ನೀರಿನಲ್ಲಿ ಬ್ಯಾಟರಿ ಸತ್ತರೆ? ಸಾಯುತ್ತದೆ, ಜೋರಾಗಿ ಓಡಿಸಿದರೆ. ಇದರ ಗುಟ್ಟು ಗೊತ್ತಿರಬೇಕು. ನೀರಿನ ಮೇಲೆ ವೇಗ ಎರಡು ಪಟ್ಟು ಮಾಡಬೇಕೆಂದರೆ ಶಕ್ತಿ ಹೆಚ್ಚು ಕಡಿಮೆ ಎಂಟು ಪಟ್ಟು ಬೇಕು. ಅದಕ್ಕೇ ಪೂರ್ತಿ ತಿರುಗಿಸಿದರೆ ಒಂದೂವರೆ ಗಂಟೆಗೆ ಬರಿದಾಗುವ ಬ್ಯಾಟರಿ ಅರ್ಧ ಜೋರಿನಲ್ಲಿ ನಾಲ್ಕು ಗಂಟೆ ಬರುತ್ತದೆ. ಬೈಕು ಓಡಿಸುವ ಹುಡುಗರ ಕೈಗೆ ಕೊಟ್ಟರೆ ಮುಗಿಯಿತು, ಮಾವನಂಥವರ ಕೈಗೆ ಕೊಟ್ಟರೆ ಉಳಿಯುತ್ತದೆ. ಹುಟ್ಟನ್ನು ಮಾತ್ರ ಮನೆಯಲ್ಲಿ ಬಿಟ್ಟು ಹೋಗಬಾರದು. ಮೋಟಾರು ಬಂದ ದಿನದಿಂದ ಹುಟ್ಟು ಸೌದೆ ಅಂದುಕೊಂಡವನು ಒಂದು ರಾತ್ರಿ ನೀರಿನ ಮೇಲೆಯೇ ಮಲಗುತ್ತಾನೆ.

ಭಾರ? ಮನೆಯಲ್ಲಿ ಯುಪಿಎಸ್‌ಗೆ ಇಡುವ 150 ಆಂಪಿಯರ್ ಬ್ಯಾಟರಿ ಇದೆಯಲ್ಲ, ಹದಿನೈದು ಸಾವಿರದ ಆಸುಪಾಸಿನದು, ಅದರಲ್ಲೂ ದಿನದ ಕೆಲಸ ನಡೆಯುತ್ತದೆ. ಆದರೆ ಅದು ಐವತ್ತು ಕೆಜಿ ದಾಟುತ್ತದೆ, ಒಳಗೆ ಆಸಿಡ್ಡು, ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಬೇಗ ಕೆಡುತ್ತದೆ. ತೆಪ್ಪದೊಳಗೆ ಇನ್ನೊಬ್ಬ ಆಳು ಕೂತ ಹಾಗೆ, ಆದರೆ ಈ ಆಳು ತೆಪ್ಪ ವಾಲಿದರೆ ಜಾರುತ್ತಾನೆ. ಈಗ ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ಬರುವಂಥ ಲಿಥಿಯಂ ಬ್ಯಾಟರಿಯಲ್ಲಿ ಕಬ್ಬಿಣ, ಫಾಸ್ಫೇಟ್ ಸೇರಿಸಿದ ಒಂದು ಜಾತಿ ಇದೆ. 100 ಆಂಪಿಯರಿನದು ಹನ್ನೆರಡು ಕೆಜಿ ಆಸುಪಾಸು, ಬೆಂಕಿಯ ಭಯ ಕಡಿಮೆ, ಸಾವಿರಗಟ್ಟಲೆ ಸಲ ಚಾರ್ಜ್ ಆಗುತ್ತದೆ. ಬೆಲೆ ಹೆಚ್ಚು. ಸಹಾಯಧನ ಬೇಕು ಅನ್ನುವುದು ಇದಕ್ಕೇ. ಬೈಕಿನ ಬ್ಯಾಟರಿ ಹಾಕಿ ನೋಡೋಣ ಅನ್ನುವವರಿಗೆ ಒಂದು ಮಾತು: ಅದು ಸೆಲ್ಫ್ ಹೊಡೆಯಲು ಮಾಡಿದ್ದು, ಹತ್ತು ನಿಮಿಷಕ್ಕೆ ಮಂಡಿ ಊರುತ್ತದೆ.

ನೀರಿನಲ್ಲಿ ಕರೆಂಟು ಹೊಡೆಯುವುದಿಲ್ಲವೇ ಎಂಬ ಭಯ ಎಲ್ಲರಿಗೂ ಇದೆ. ಹನ್ನೆರಡು ವೋಲ್ಟ್ ಮೈಗೆ ಹೊಡೆಯುವುದಿಲ್ಲ. ಆದರೆ ಎರಡು ವೈರು ತಾಗಿದರೆ ಕಿಡಿ, ಬೆಂಕಿ ಎರಡೂ ಖಂಡಿತ. ಫ್ಯೂಸ್ ಇಲ್ಲದೆ ವೈರು ಸುತ್ತಿಕೊಡುವ ಮೆಕ್ಯಾನಿಕ್ಕಿನ ಹತ್ತಿರ ಹೋಗಬೇಡಿ. ಬ್ಯಾಟರಿ ಚಾರ್ಜಿಗೆ ಹಾಕುವುದು ಮನೆಯಲ್ಲಿ, ಅದು 230 ವೋಲ್ಟ್. ಒದ್ದೆ ಕೈಯಲ್ಲಿ ಮುಟ್ಟಿದರೆ ಸಾಯುವುದು ಅಲ್ಲಿ, ಹೊಳೆಯಲ್ಲಲ್ಲ.

ಜೊಂಡು, ಅಂತರಗಂಗೆ ಫ್ಯಾನಿಗೆ ಸುತ್ತಿಕೊಳ್ಳುತ್ತದೆ, ಬಲೆಯೂ ಸುತ್ತಿಕೊಳ್ಳುತ್ತದೆ. ನಿಜ. ಬಲೆ ಹತ್ತಿರ ಹೋದಾಗ ಮೋಟಾರು ಎತ್ತಿಬಿಡಬೇಕು, ಆಮೇಲೆ ಕೈಯೇ ಗತಿ. ಇನ್ನು ದುಂಡು ತೆಪ್ಪದ ಹಿಂದೆ ಮೋಟಾರು ಕಟ್ಟಿದರೆ ತೆಪ್ಪ ಬುಗುರಿಯಂತೆ ತಿರುಗುತ್ತದಲ್ಲ? ತಿರುಗುತ್ತದೆ. ಅದಕ್ಕೆ ಮುಂದೆ ಕಟ್ಟಬೇಕು. ತೆಪ್ಪ ನಡೆಸುವವರು ಹುಟ್ಟನ್ನು ಮುಂದೆ ಹಾಕಿ ನೀರನ್ನು ತಮ್ಮ ಕಡೆಗೆ ಎಳೆದುಕೊಳ್ಳುವುದು ಯಾಕೆ? ಹಿಂದಿನಿಂದ ತಳ್ಳಿದರೆ ದುಂಡನೆಯದು ನೆಟ್ಟಗೆ ಹೋಗುವುದಿಲ್ಲ, ಮುಂದಿನಿಂದ ಎಳೆದರೆ ಹೋಗುತ್ತದೆ. ಈ ಬುದ್ಧಿ ನಮ್ಮವರಿಗೆ ಅಜ್ಜನ ಕಾಲದಿಂದ ಇದೆ. ಹೊರದೇಶದಲ್ಲಿ ಮೀನಿಗೆ ಹೋಗುವವರೂ ಸಣ್ಣ ಕರೆಂಟು ಮೋಟಾರನ್ನು ದೋಣಿಯ ಮೂತಿಗೆ ಕಟ್ಟುವುದುಂಟು. ಬೇಕಾಗಿರುವುದು ಬಿದಿರಿನ ಅಂಚು ಮುರಿಯದಂತೆ ಒಂದು ಮರದ ಹಲಗೆ, ಎರಡು ಬೋಲ್ಟು. ನಮ್ಮೂರಿನ ವೆಲ್ಡಿಂಗ್ ಅಂಗಡಿಯವನಿಗೆ ಅರ್ಧ ದಿನದ ಕೆಲಸ.

ಈ ಎಲ್ಲದಕ್ಕಿಂತ ನನಗೆ ಚಿಂತೆಯಾಗಿರುವುದು ಇನ್ನೊಂದು ವಿಷಯ. ನಾನು ಕಂಡ ತೆಪ್ಪಗಳಲ್ಲಿ ಬಲೆ ಬಿಡುವುದು ಗಂಡ, ಹುಟ್ಟು ಹಾಕುವುದು ಹೆಂಡತಿ. ಮಾವನ ತೆಪ್ಪದಲ್ಲೂ ಹಾಗೇ, ಭುಜ ನೋಯುವುದು ಅತ್ತೆಗೆ ಇನ್ನೂ ಹೆಚ್ಚು. ಮೋಟಾರು ಬಂದರೆ ಅವರ ಜಾಗಕ್ಕೆ ಬ್ಯಾಟರಿ ಕೂರುತ್ತದೆ. ನೋವು ಹೋಯಿತು, ಸರಿ. ಮೀನಿನ ದುಡ್ಡಿನಲ್ಲಿ ಅವರ ಪಾಲು? ಟ್ರ್ಯಾಕ್ಟರ್ ಬಂದಾಗ ಹೊಲದ ಕೆಲಸದಲ್ಲಿ ಹೆಂಗಸರಿಗೆ ಏನಾಯಿತು ಅಂತ ನೋಡಿದ್ದೇವೆ. ಯಂತ್ರದ ಹಿಡಿಕೆ ಗಂಡಸಿನ ಕೈಗೆ ಹೋಯಿತು, ಕಳೆ ಕೀಳುವುದು ಅವರಿಗೇ ಉಳಿಯಿತು. ಅದಕ್ಕೆ ಸಹಾಯಧನ ಕೊಡುವುದಾದರೆ ಇಬ್ಬರ ಹೆಸರಿಗೂ ಕೊಡಲಿ ಅನ್ನುವುದು ನನ್ನ ವಾದ. ಹಿಡಿಕೆ ತಿರುಗಿಸಲು ಮೀಸೆ ಬೇಕಾಗಿಲ್ಲ.

ಈಗ ಮುತ್ತತ್ತಿಯ ಕಡೆ ಬರೋಣ. ಆ ಹಳದಿ ಕಯಾಕಿನವರನ್ನು ಅಲ್ಲಿ ನೀರಿಗೆ ಬಿಟ್ಟರೋ ಇಲ್ಲವೋ, ಬಿಡಬಾರದಿತ್ತು ಅನ್ನುವವನು ನಾನು.

ಬ್ಯಾಟರಿ ಅಂದಕೂಡಲೇ ಪರಿಸರ ಸ್ನೇಹಿ ಅಂತ ಹಸಿರು ಬೋರ್ಡು ಹಾಕುವ ಜನ ಇದ್ದಾರೆ. ನಾಳೆ ಯಾರಾದರೂ ಬಂದು ಮುತ್ತತ್ತಿಯಿಂದ ಭೀಮೇಶ್ವರಿವರೆಗೆ ಸದ್ದಿಲ್ಲದ ಎಲೆಕ್ಟ್ರಿಕ್ ಬೋಟಿಂಗ್ ಅಂತ ಯೋಜನೆ ಹೇಳಿದರೆ ನಮ್ಮವರೂ ತಲೆದೂಗುತ್ತಾರೆ, ಕೆಲಸ ಸಿಗುತ್ತದೆ ಅಂತ. ಸ್ವಲ್ಪ ತಡೆಯಿರಿ. ಅದು ಕಾವೇರಿ ವನ್ಯಜೀವಿಧಾಮ, 1987ರಿಂದ. ಅಲ್ಲಿ ನೀರುನಾಯಿ ಇದೆ, ಮೊಸಳೆ ಇದೆ. ನಾವು ಬಿಳಿಮೀನು ಅನ್ನುವ ಮಹಶೀರ್ ಇದೆ. ಕಾವೇರಿಯ ಆ ಗೂನುಬೆನ್ನಿನ ಮಹಶೀರ್ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ, ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ. 2018ರಲ್ಲಷ್ಟೇ ಅದರ ವೈಜ್ಞಾನಿಕ ಹೆಸರು ಖಚಿತವಾಯಿತು, ಅದೇ ವರ್ಷ ಅಳಿಯುವ ಅಪಾಯ ತೀರಾ ಹೆಚ್ಚಿರುವ ಜೀವಿಗಳ ಪಟ್ಟಿಗೆ ಸೇರಿತು. ಸದ್ದಿಲ್ಲದ ದೋಣಿ ಎಂದರೆ ಪ್ರಾಣಿಗೆ ಗೊತ್ತಾಗದಂತೆ ಅದರ ಗೂಡಿನ ಬಾಗಿಲವರೆಗೂ ಹೋಗುವ ದೋಣಿ. ಫೋಟೋ ತೆಗೆಯುವವರಿಗೆ ಅದಕ್ಕಿಂತ ಇನ್ನೇನು ಬೇಕು? ರಂಗನತಿಟ್ಟಿನಲ್ಲಿ ಹಕ್ಕಿ ತೋರಿಸಲು ಹುಟ್ಟು ಹಾಕಿಯೇ ಜನರನ್ನು ಕರೆದೊಯ್ಯುತ್ತಾ ಬಂದಿದ್ದಾರೆ, ಎಷ್ಟು ಹತ್ತಿರ, ಎಷ್ಟು ಹೊತ್ತು ಅನ್ನುವುದು ಕೈಯ ದಣಿವಿನಿಂದಲೇ ನಿಗದಿಯಾಗುತ್ತದೆ. ಅದು ಒಳ್ಳೆಯ ಕಾನೂನು.

ಪ್ರಾಣಿಯ ಮಾತು ಬಿಡಿ, ಮನುಷ್ಯರ ಮಾತಿಗೆ ಬರೋಣ. ಮುತ್ತತ್ತಿಯಲ್ಲಿ ಮುಳುಗಿ ಸತ್ತ ಸುದ್ದಿ ಇಲ್ಲದ ವರ್ಷ ಹಲಗೂರಿನವರಿಗೆ ನೆನಪಿದೆಯೇ? ಮೇಲೆ ನಯವಾಗಿ ಕಾಣುವ ನೀರಿನ ಕೆಳಗೆ ಬಂಡೆ, ಸುಳಿ, ಮಡು. ಮೇಲಿನಿಂದ ನೀರು ಬಿಟ್ಟರೆ ನೋಡುನೋಡುತ್ತಿದ್ದಂತೆ ಹೊಳೆ ಏರುತ್ತದೆ. ಈ ಸಣ್ಣ ಮೋಟಾರಿನ ಪೂರ್ತಿ ಎಳೆತ ಇಪ್ಪತ್ತೈದು ಕೆಜಿ ಆಸುಪಾಸು. ಸಣ್ಣ ದೋಣಿಯನ್ನು ಗಂಟೆಗೆ ಆರೇಳು ಕಿಲೋಮೀಟರು ಓಡಿಸಿದರೆ ಅದರ ಶಕ್ತಿ ಮುಗಿಯಿತು. ಕಿರಿದಾದ ಜಾಗದಲ್ಲಿ ಕಾವೇರಿ ಅದಕ್ಕಿಂತ ಜೋರಾಗಿ ಹರಿಯುತ್ತಾಳೆ. ಮೋಟಾರು ಮುಂದಕ್ಕೆ ತಿರುಗುತ್ತಿರುತ್ತದೆ, ದೋಣಿ ಹಿಂದಕ್ಕೆ ಹೋಗುತ್ತಿರುತ್ತದೆ. ಮೊದಲ ಬಂಡೆಗೆ ಫ್ಯಾನು ಮುರಿಯುತ್ತದೆ. ಹೊಳೆ ಓದಬಲ್ಲ ತೆಪ್ಪದವನು ಕೈಯಲ್ಲಿ ಹುಟ್ಟು ಹಿಡಿದು ಅಲ್ಲಿ ಬದುಕುತ್ತಾನೆ. ಮೋಟಾರು ಕೊಂಡವನಿಗೆ ಹೊಳೆ ಓದುವುದು ಬರುತ್ತದೆ ಅಂತೇನಿಲ್ಲ, ಮೋಟಾರು ಇದೆ ಅನ್ನುವ ಧೈರ್ಯವೊಂದೇ ಇರುವುದು. ಆ ಧೈರ್ಯಕ್ಕೆ ಹೆಣ ಹುಡುಕಲು ಆಮೇಲೆ ಕರೆಯುವುದು ಮತ್ತೆ ನಮ್ಮ ತೆಪ್ಪದವರನ್ನೇ.

ಹಾಗಾದರೆ ಈ ಬ್ಯಾಟರಿ ದೋಣಿ ಬೇರೆ ಕಡೆ ಯಾರ ಕೈಯಲ್ಲಿದೆ? ಕೇರಳದವರು 2017ರ ಜನವರಿಯಲ್ಲೇ ವೈಕಂನಿಂದ ತವಣಕಡವಿಗೆ ವೇಂಬನಾಡು ಹಿನ್ನೀರಿನಲ್ಲಿ ಆದಿತ್ಯ ಅಂತ ಸೋಲಾರ್ ದೋಣಿ ಬಿಟ್ಟರು. 75 ಜನ ಕೂರುವಂಥದ್ದು, ಕಟ್ಟಿದ್ದು ಕೊಚ್ಚಿಯಲ್ಲೇ. ಅದು ಟೂರಿಸ್ಟ್ ದೋಣಿಯಲ್ಲ, ನಮ್ಮ ಕೆಎಸ್ಸಾರ್ಟಿಸಿ ಬಸ್ಸಿನಂತೆ ಸರ್ಕಾರದ್ದೇ ಜಲಸಾರಿಗೆ, ಕೂಲಿಗೆ ಶಾಲೆಗೆ ಹೋಗುವವರು ಹತ್ತುವುದು. 2023ರ ಏಪ್ರಿಲ್‌ನಲ್ಲಿ ಕೊಚ್ಚಿಯಲ್ಲಿ ಬ್ಯಾಟರಿ ದೋಣಿಗಳ ವಾಟರ್ ಮೆಟ್ರೋ ಶುರುವಾಯಿತು. ಇನ್ನೂ ದೂರದ್ದು ಹೇಳಬೇಕೆಂದರೆ, ದಕ್ಷಿಣ ಅಮೆರಿಕದ ಈಕ್ವೆಡಾರಿನಲ್ಲಿ ಅಮೆಜಾನ್ ಕಾಡಿನೊಳಗೆ ಅಚುವಾರ್ ಎಂಬ ಬುಡಕಟ್ಟಿನವರಿದ್ದಾರೆ. ಅವರಿಗೆ ಹೊಳೆಯೇ ರಸ್ತೆ, ಪೆಟ್ರೋಲು ಅಲ್ಲಿಗೆ ತಲುಪುವ ಹೊತ್ತಿಗೆ ಚಿನ್ನದ ಬೆಲೆ. ಅವರು 2017ರಲ್ಲಿ ತಮ್ಮ ಉದ್ದನೆ ದೋಣಿಗೆ ಸೋಲಾರ್ ಮಾಡು ಹೊದಿಸಿ ಕರೆಂಟು ಮೋಟಾರು ಕಟ್ಟಿಕೊಂಡರು, ತಮ್ಮ ಹಳೇ ಕಥೆಯ ಮಿಂಚುಮೀನಿನ ಹೆಸರಿಟ್ಟರು. ದೋಣಿ ನಡೆಸುವುದೂ ಅವರೇ, ರಿಪೇರಿ ಕಲಿತವರೂ ಅವರೇ.

ನಮ್ಮಲ್ಲಿ ಬ್ಯಾಟರಿ ದೋಣಿ ಅಂದರೆ ಮೊದಲು ನೆನಪಾಗುವುದು ಟಿಕೆಟ್ ಕೌಂಟರು. ನನಗೆ ಸಿಟ್ಟು ಬರುವುದು ಅಲ್ಲಿ.

ಕಾಗದಪತ್ರದ ಒಂದು ಎಚ್ಚರಿಕೆ. ಕೇಂದ್ರ ಸರ್ಕಾರದ 2021ರ ಒಳನಾಡು ನೌಕೆಗಳ ಕಾಯ್ದೆಯಲ್ಲಿ ಯಂತ್ರದಿಂದ ನಡೆಯುವ ದೋಣಿಗೆ ನೋಂದಣಿ, ತಪಾಸಣೆ ಅಂತ ಇದೆ. ತೆಪ್ಪಕ್ಕೆ ಮೋಟಾರು ಕಟ್ಟುವ ಮೊದಲು ತಾಲ್ಲೂಕಿನ ಮೀನುಗಾರಿಕೆ ಅಧಿಕಾರಿಯ ಹತ್ತಿರ ಬರವಣಿಗೆಯಲ್ಲಿ ಕೇಳಿ, ಬರವಣಿಗೆಯಲ್ಲೇ ಉತ್ತರ ಇಸಿದುಕೊಳ್ಳಿ. ಬಾಯಿ ಮಾತಿನಲ್ಲಿ ಪರವಾಗಿಲ್ಲ ಅಂದವರು ಆಮೇಲೆ ಸಿಗುವುದಿಲ್ಲ. ಮೋಟಾರಿಗಿಂತ ಮೊದಲು ಲೈಫ್ ಜಾಕೆಟ್ ಕೇಳಿ. ಸಾವಿರ ರೂಪಾಯಿಯ ಜಾಕೆಟ್ ಇಲ್ಲದ ತೆಪ್ಪಕ್ಕೆ ಐವತ್ತು ಸಾವಿರದ ಮೋಟಾರು ಶೋಭೆಯಲ್ಲ. ನಮ್ಮ ಮೀನುಗಾರರು ಈಜು ಬರುತ್ತದೆ ಅಂತ ಜಾಕೆಟ್ ಹಾಕುವುದಿಲ್ಲ. ರಾತ್ರಿ ಬಲೆ ಕಾಲಿಗೆ ಸುತ್ತಿದರೆ ಈಜು ಬಂದು ಏನು ಮಾಡುತ್ತೀರಿ?

ಒಬ್ಬೊಬ್ಬರೇ ಕೊಳ್ಳುವುದು ಬೇಡ. ಮೀನುಗಾರರ ಸಹಕಾರ ಸಂಘದಿಂದ ಎರಡು ಮೋಟಾರು ತರಿಸಿ ಒಂದು ಮಳೆಗಾಲ, ಒಂದು ಬೇಸಿಗೆ ಸರದಿಯಲ್ಲಿ ಓಡಿಸಿ ನೋಡಲಿ. ಎಷ್ಟು ಕರೆಂಟು, ಏನು ಮುರಿಯಿತು, ಬಿಡಿಭಾಗ ಎಲ್ಲಿ ಸಿಕ್ಕಿತು ಅಂತ ಒಂದು ನೋಟ್ ಪುಸ್ತಕದಲ್ಲಿ ಬರೆದಿಡಲಿ. ಆ ಪುಸ್ತಕ ಹಿಡಿದುಕೊಂಡು ಮಂಡ್ಯಕ್ಕೆ ಹೋದರೆ ಯಾರೂ ಆಟಿಕೆ ಅಂತ ನಗುವುದಿಲ್ಲ.

ಹೋದ ವಾರ ಮಾವನ ಮನೆಗೆ ಹೋಗಿದ್ದೆ. ಇದೆಲ್ಲ ಬರೆಯುತ್ತಿದ್ದೇನೆ ಅಂತ ಹೇಳಿದೆ. "ಬರೆಯೋದು ಬರಿ. ಮೊದ್ಲು ಅರ್ಜಿ ಬರ್ಕೊಡು" ಅಂದರು. ಅಲ್ಲೇ ಜಗುಲಿ ಮೇಲೆ ಕೂತು ಬರೆದೆ. ನಿಂತ ನೀರಿನ ಮೀನುಗಾರರಿಗೆ ಬ್ಯಾಟರಿ ಮೋಟಾರಿಗೆ ಸಹಾಯಧನ ಬೇಕು, ಪ್ರತಿ ತೆಪ್ಪಕ್ಕೆ ಎರಡು ಲೈಫ್ ಜಾಕೆಟ್ ಬೇಕು, ವನ್ಯಜೀವಿಧಾಮದ ಹೊಳೆಗೆ ಯಾವ ಮೋಟಾರಿಗೂ ಪರವಾನಗಿ ಕೊಡಬಾರದು. ಮಾವನ ಹೆಸರು ಬರೆದು, ಅದರ ಕೆಳಗೆ ಅತ್ತೆಯ ಹೆಸರನ್ನೂ ಬರೆದೆ.

"ಅವಳ ಹೆಸ್ರು ಯಾಕ್ಲಾ ಅದ್ರಲ್ಲಿ?" ಅಂದರು ಮಾವ.

ಒಳಗೆ ಮೀನು ಉಜ್ಜುತ್ತಿದ್ದ ಅತ್ತೆ ಅಲ್ಲಿಂದಲೇ ಕೇಳಿದರು, "ಯಾಕೆ, ಇಷ್ಟ್ ದಿನ ಹುಟ್ಟು ಹಾಕ್ದೋರು ಯಾರು?"

ಮಾವ ಸಹಿ ಹಾಕಿ ಪೆನ್ನು ಒಳಗೆ ಕಳಿಸಿದರು.